ಲಾಗಿಂಗ್ ಲೈಬ್ರರಿಯ ಕೈಪಿಡಿಯನ್ನು ಪರಿಷ್ಕರಿಸುವ ಬಗೆ

ಪ್ರೋಗ್ರಾಂ ಓಡುವಾಗ ನಡೆದದ್ದನ್ನು ಸಾಲುಸಾಲಾಗಿ ದಾಖಲಿಸುವ (ಲಾಗ್ ಮಾಡುವ) ಲಾಗಿಂಗ್ ಲೈಬ್ರರಿಯ ಕೈಪಿಡಿಯಲ್ಲಿ ಒಂದು ಸಾಲು ತಪ್ಪಾಗಿದ್ದರೆ ಅದು ಬಹುಕಾಲ ಯಾರ ಗಮನಕ್ಕೂ ಬರುವುದಿಲ್ಲ. ದಿನಾಂಕವನ್ನು ಲೆಕ್ಕ ಹಾಕುವ ಲೈಬ್ರರಿಯನ್ನು ತಪ್ಪಾಗಿ ಬಳಸಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಕಣ್ಣಿಗೆ ಕಾಣುವಂಥ ತಪ್ಪು ಉತ್ತರ ಬರುತ್ತದೆ. ಲಾಗಿಂಗ್ ಅನ್ನು ತಪ್ಪಾಗಿ ಹೊಂದಿಸಿದರೆ ಪ್ರೋಗ್ರಾಂ ಎಂದಿನಂತೆ ಓಡುತ್ತಲೇ ಇರುತ್ತದೆ, ಲಾಗ್ ಮಾತ್ರ ಬರುವುದಿಲ್ಲ. ಬಂದಿಲ್ಲವೆಂಬುದು ತಿಳಿಯುವುದು ಆ ಲಾಗ್ ನಿಜಕ್ಕೂ ಬೇಕಾದ ದಿನ, ಸರ್ವರ್ ಬಿದ್ದು ಎಲ್ಲರೂ ಕಾರಣ ಹುಡುಕುತ್ತಿರುವಾಗ. ಆದ್ದರಿಂದ ಈ ಕೈಪಿಡಿಯನ್ನು ಪರಿಷ್ಕರಿಸಲು ಕುಳಿತವರು ಪ್ರತಿ ಪುಟಕ್ಕೂ ಒಂದು ಪ್ರಶ್ನೆಯನ್ನು ಹಾಕಬೇಕು: ಇಲ್ಲಿ ಹೇಳಿದಂತೆ ಮಾಡಿದ ಮೇಲೂ ಲಾಗ್ ಬಾರದಿದ್ದರೆ, ಏಕೆ ಬರಲಿಲ್ಲವೆಂದು ಇದೇ ಪುಟ ಹೇಳುತ್ತದೆಯೇ?

ಮಾದರಿಗಾಗಿ ಪೈಥಾನ್ ಭಾಷೆಯ ಲಾಗಿಂಗ್ ಮಾಡ್ಯೂಲನ್ನು ತೆಗೆದುಕೊಳ್ಳುತ್ತೇನೆ. ಪೆಪ್ 282 ಎಂಬ ಪ್ರಸ್ತಾವದ ಮೂಲಕ 2003ರಲ್ಲಿ ಪೈಥಾನ್ 2.3ರೊಂದಿಗೆ ಬಂದ ಈ ಮಾಡ್ಯೂಲಿನ ಕೈಪಿಡಿ ಒಂದೇ ಪುಟವಲ್ಲ. ಫಂಕ್ಷನ್ ಮತ್ತು ಕ್ಲಾಸುಗಳ ಮೂಲ ವಿವರಣೆಗೆ ಒಂದು ಪುಟ, ಸಂರಚನೆಗೆ ಒಂದು, ಲಾಗ್ ಸಾಲನ್ನು ಫೈಲಿಗೋ ಸ್ಕ್ರೀನಿಗೋ ತಲುಪಿಸುವ ಹ್ಯಾಂಡ್ಲರ್‌ಗಳಿಗೆ ಒಂದು, ಹೊಸಬರಿಗೆ ಬಳಕೆ ಕಲಿಸುವ ಒಂದು, ವಿಶೇಷ ಸಂದರ್ಭಗಳ ಉದಾಹರಣೆಗಳನ್ನು ಕಲೆಹಾಕಿದ ಕುಕ್‌ಬುಕ್ ಒಂದು. ಒಂದು ಬದಲಾವಣೆ ಈ ಐದರಲ್ಲಿ ಎಲ್ಲೆಲ್ಲಿ ಮುಟ್ಟುತ್ತದೆ ಎಂಬುದನ್ನು ಬರೆಯುವ ಮೊದಲೇ ಗುರುತು ಹಾಕಿಕೊಳ್ಳಬೇಕು. ಮೂಲ ವಿವರಣೆಯನ್ನು ತಿದ್ದಿ ಬಳಕೆಯ ಪುಟವನ್ನು ಹಾಗೆಯೇ ಬಿಡುವುದು ಅತಿ ಸಾಮಾನ್ಯವಾದ ಲೋಪ. ಹೊಸಬರು ಓದುವುದು ಆ ಎರಡನೆಯದನ್ನೇ.

ಕೆಲಸ ಆರಂಭಿಸುವುದು ಕೋಡಿನಿಂದ. ಹಿಂದಿನ ಆವೃತ್ತಿಯ ಮತ್ತು ಈಗಿನ ಆವೃತ್ತಿಯ ಫಂಕ್ಷನ್ ಸಾಲುಗಳನ್ನು ಅಕ್ಕಪಕ್ಕ ಇಟ್ಟು, ಹೊಸದಾಗಿ ಬಂದ ಪ್ಯಾರಾಮೀಟರ್‌ಗಳನ್ನೂ ಬದಲಾದ ಡೀಫಾಲ್ಟ್ ಮೌಲ್ಯಗಳನ್ನೂ ಪಟ್ಟಿ ಮಾಡಿ. ಟೆಸ್ಟುಗಳನ್ನು ಓದಿ, ಏಕೆಂದರೆ ಬರೆದವರ ಉದ್ದೇಶ ಹಲವು ಬಾರಿ ಕೈಪಿಡಿಗಿಂತ ಟೆಸ್ಟುಗಳಲ್ಲೇ ಸ್ಪಷ್ಟವಾಗಿರುತ್ತದೆ. ಬಳಕೆದಾರರು ಬಗ್ ಎಂದು ವರದಿ ಮಾಡಿ, ‘ಇದು ಹೀಗೆಯೇ ಕೆಲಸ ಮಾಡಬೇಕಾದದ್ದು’ ಎಂಬ ಉತ್ತರದೊಂದಿಗೆ ಮುಚ್ಚಿಹೋದ ದೂರುಗಳನ್ನೂ ತಪ್ಪದೆ ನೋಡಿ. ನನ್ನ ಮಟ್ಟಿಗೆ ಅವುಗಳಿಗಿಂತ ಬೆಲೆಬಾಳುವ ಆಕರ ಬೇರೆ ಇಲ್ಲ. ಅಂಥ ಪ್ರತಿಯೊಂದು ದೂರೂ ಕೈಪಿಡಿಯಲ್ಲಿ ಬಿಟ್ಟುಹೋದ ಒಂದು ವಾಕ್ಯದ ಕಡೆಗೆ ಬೆರಳು ತೋರಿಸುತ್ತದೆ.

ಡೀಫಾಲ್ಟ್ ಮೌಲ್ಯಗಳ ವಿಷಯದಲ್ಲಿ ಸ್ವಲ್ಪ ನಿಂತು ನೋಡಬೇಕು. ಫೈಲ್ ದೊಡ್ಡದಾದಾಗ ಅದನ್ನು ಪಕ್ಕಕ್ಕೆ ಸರಿಸಿ ಹೊಸದನ್ನು ತೆರೆಯುವ ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್‌ಗೆ ಎರಡು ಪ್ಯಾರಾಮೀಟರ್‌ಗಳಿವೆ: ಫೈಲ್ ಎಷ್ಟು ದೊಡ್ಡದಾಗಬಹುದೆಂದು ಹೇಳುವ ಮ್ಯಾಕ್ಸ್‌ಬೈಟ್ಸ್, ಹಳೆಯ ಫೈಲುಗಳು ಎಷ್ಟು ಉಳಿಯಬೇಕೆಂದು ಹೇಳುವ ಬ್ಯಾಕಪ್‌ಕೌಂಟ್. ಎರಡಕ್ಕೂ ಡೀಫಾಲ್ಟ್ ಮೌಲ್ಯ 0, ಮತ್ತು ಎರಡರಲ್ಲಿ ಯಾವುದೊಂದು 0 ಆಗಿದ್ದರೂ ಫೈಲ್ ಎಂದಿಗೂ ಸರಿಯುವುದಿಲ್ಲ. ಮ್ಯಾಕ್ಸ್‌ಬೈಟ್ಸ್ ಒಂದನ್ನೇ 10 ಎಂಬಿಗೆ ಹೊಂದಿಸಿದ ಉದಾಹರಣೆಯನ್ನು ನೀವು ಕೈಪಿಡಿಯಲ್ಲಿ ಇಟ್ಟಿರಿ ಎನ್ನಿ. ಓದುಗರು ಅದನ್ನು ನಕಲು ಮಾಡಿಕೊಳ್ಳುತ್ತಾರೆ, ಫೈಲ್ 10 ಎಂಬಿ ದಾಟಿ ಬೆಳೆಯುತ್ತಲೇ ಹೋಗುತ್ತದೆ, ತಿಂಗಳುಗಳ ಬಳಿಕ ಡಿಸ್ಕ್ ತುಂಬುತ್ತದೆ. ನಡುವೆ ಒಂದು ಎಚ್ಚರಿಕೆಯ ಸಾಲೂ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ಎರಡರಲ್ಲಿ ಒಂದನ್ನಾದರೂ ಹೊಂದಿಸದೆ ಬಿಟ್ಟ ಉದಾಹರಣೆ ಕೈಪಿಡಿಯಲ್ಲಿ ಇರಬಾರದು, ಮತ್ತು 0 ಎಂದರೆ ಏನೆಂಬ ವಾಕ್ಯ ಆ ಪ್ಯಾರಾಮೀಟರ್‌ನ ವಿವರಣೆಯ ಒಳಗೇ ಇರಬೇಕು, ಪುಟದ ಕೊನೆಯ ಟಿಪ್ಪಣಿಯಲ್ಲಲ್ಲ.

ಇಂಥದ್ದೇ ಇನ್ನೊಂದರ ಪಾಠವನ್ನು ನಾನು ಕಷ್ಟಪಟ್ಟು ಕಲಿತೆ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಎಲ್ಲರೂ ಬಳಸುವ ಲಾಗಿಂಗ್ ಮಾಡ್ಯೂಲಿನ ಕೈಪಿಡಿಯನ್ನು ಬರೆಯುವ ಹೊಣೆ ನನ್ನದಾಗಿತ್ತು. ‘ಆರಂಭದಲ್ಲಿ ಫೈಲಿನ ಹೆಸರು ಕೊಟ್ಟು ಬೇಸಿಕ್‌ಕಾನ್ಫಿಗ್ ಅನ್ನು ಕರೆಯಿರಿ’ ಎಂದಷ್ಟೇ ಬರೆದಿದ್ದೆ. ಬೇಸಿಕ್‌ಕಾನ್ಫಿಗ್ ಎಂದರೆ ಲಾಗಿಂಗ್ ಅನ್ನು ಒಂದೇ ಕರೆಯಲ್ಲಿ ಹೊಂದಿಸುವ ಫಂಕ್ಷನ್. ಸಹೋದ್ಯೋಗಿಯೊಬ್ಬರು ಅಕ್ಷರಶಃ ಹಾಗೆಯೇ ಮಾಡಿದರು, ಫೈಲ್ ಮಾತ್ರ ಹುಟ್ಟಲೇ ಇಲ್ಲ. ಮಧ್ಯಾಹ್ನವಿಡೀ ಮೂವರು ಕೂತು ಹುಡುಕಿದ ಮೇಲೆ ಕಾರಣ ಸಿಕ್ಕಿತು: ಅದಕ್ಕೂ ಮೊದಲು ಇಂಪೋರ್ಟ್ ಆದ ಬೇರೊಂದು ಫೈಲಿನಲ್ಲಿ ಯಾರೋ ನೇರವಾಗಿ ಲಾಗಿಂಗ್.ಇನ್ಫೊ ಎಂದು ಕರೆದಿದ್ದರು. ಸಂದೇಶಗಳನ್ನು ಸ್ವೀಕರಿಸುವ ಲಾಗರ್‌ಗಳಲ್ಲಿ ಎಲ್ಲಕ್ಕೂ ಮೇಲಿನದಾದ ರೂಟ್ ಲಾಗರ್‌ಗೆ ಹ್ಯಾಂಡ್ಲರ್ ಇಲ್ಲದಿದ್ದರೆ ಆ ಕರೆಯೇ ಒಳಗಿಂದೊಳಗೆ ಬೇಸಿಕ್‌ಕಾನ್ಫಿಗ್ ಅನ್ನು ಕರೆದುಬಿಡುತ್ತದೆ. ಒಮ್ಮೆ ಹ್ಯಾಂಡ್ಲರ್ ಕೂತ ಮೇಲೆ ನಮ್ಮ ಬೇಸಿಕ್‌ಕಾನ್ಫಿಗ್ ಕರೆ ಏನನ್ನೂ ಮಾಡದೆ, ಏನನ್ನೂ ಹೇಳದೆ ಮರಳುತ್ತದೆ. ಪೈಥಾನ್ 3.8ರಲ್ಲಿ ಬಂದ ಫೋರ್ಸ್ ಎಂಬ ಪ್ಯಾರಾಮೀಟರ್ ಹಳೆಯ ಹ್ಯಾಂಡ್ಲರ್‌ಗಳನ್ನು ಕಿತ್ತುಹಾಕಿ ಹೊಸದಾಗಿ ಹೊಂದಿಸುತ್ತದೆ. ಈ ಸಂಗತಿ ಮೂಲ ವಿವರಣೆಯಲ್ಲಿ ಇದ್ದೇ ಇತ್ತು, ನಾನು ಬರೆದ ಬಳಕೆಯ ಪುಟದಲ್ಲಿ ಇರಲಿಲ್ಲ. ಅಂದಿನಿಂದ ಯಾವುದೇ ಫಂಕ್ಷನ್ ಕೆಲವು ಸಂದರ್ಭಗಳಲ್ಲಿ ಸುಮ್ಮನೆ ಮರಳುತ್ತದೆ ಎಂದಾದರೆ, ಆ ಮಾತನ್ನು ಅದರ ಮೊದಲ ಉದಾಹರಣೆಯ ಕೆಳಗೇ ಬರೆಯುತ್ತೇನೆ.

ಲಾಗ್ ಸಂದೇಶವೊಂದು ಹಾದುಹೋಗುವ ದಾರಿಯನ್ನೂ ಹೀಗೆಯೇ ಬಿಡಿಸಿ ಬರೆಯಬೇಕು. ಅದಕ್ಕೆ ಎರಡು ಬಾಗಿಲುಗಳಿವೆ. ಮೊದಲನೆಯದು ಲಾಗರ್‌ನ ಮಟ್ಟ, ಅಂದರೆ ಸಂದೇಶ ಎಷ್ಟು ಗಂಭೀರವಾಗಿದ್ದರೆ ಒಳಗೆ ಬಿಡಬೇಕೆಂದು ಹೇಳುವ ಸಂಖ್ಯೆ. ಲಾಗರ್‌ಗೆ ಮಟ್ಟ ಹೊಂದಿಸಿಲ್ಲದಿದ್ದರೆ ಮೇಲಿನ ಲಾಗರ್‌ನದು ಅನ್ವಯಿಸುತ್ತದೆ, ಕೊನೆಗೆ ರೂಟ್ ಲಾಗರ್‌ನ ವಾರ್ನಿಂಗ್ ಮಟ್ಟ, ಅಂದರೆ 30. ಎರಡನೆಯದು ಹ್ಯಾಂಡ್ಲರ್‌ನ ಸ್ವಂತ ಮಟ್ಟ. ಹ್ಯಾಂಡ್ಲರ್‌ಗೆ ಡೀಬಗ್ ಮಟ್ಟ ಹೊಂದಿಸಿ, ಲಾಗರ್ ಅನ್ನು ಹಾಗೆಯೇ ಬಿಟ್ಟವರಿಗೆ 10 (ಡೀಬಗ್) ಮತ್ತು 20ರ (ಇನ್ಫೊ) ಮಟ್ಟದ ಒಂದು ಸಾಲೂ ಕಾಣುವುದಿಲ್ಲ. ಎದುರು ದಿಕ್ಕಿನ ತೊಂದರೆಯೂ ಉಂಟು: ಒಂದೇ ಹ್ಯಾಂಡ್ಲರ್ ಅನ್ನು ಲಾಗರ್‌ಗೂ ರೂಟ್‌ಗೂ ಸೇರಿಸಿದರೆ, ಸಂದೇಶ ಮೇಲಕ್ಕೂ ಹರಿಯುವುದರಿಂದ ಪ್ರತಿ ಸಾಲು ಎರಡೆರಡು ಬಾರಿ ಬರುತ್ತದೆ. ಈ ಹರಿವನ್ನು ಚಿತ್ರದಲ್ಲಿ ತೋರಿಸುವುದು ಒಳ್ಳೆಯದೇ, ಆದರೆ ಪಠ್ಯವನ್ನು ತಿದ್ದುವವರು ಚಿತ್ರವನ್ನು ಮರೆಯುತ್ತಾರೆ. ಚಿತ್ರದ ಮೂಲ ಫೈಲನ್ನೂ ಕೈಪಿಡಿಯ ಜೊತೆಯಲ್ಲೇ ರೆಪೊಸಿಟರಿಯಲ್ಲಿ ಇಡಿ.

ಆವೃತ್ತಿಯ ಗುರುತುಗಳಿಗೆ ಬರೋಣ. ಪೈಥಾನಿನ ಕೈಪಿಡಿಯನ್ನು ಕಟ್ಟುವ ಸ್ಫಿಂಕ್ಸ್‌ನಲ್ಲಿ ‘ಈ ಆವೃತ್ತಿಯಲ್ಲಿ ಸೇರಿದ್ದು’, ‘ಈ ಆವೃತ್ತಿಯಲ್ಲಿ ಬದಲಾದದ್ದು’, ‘ಈ ಆವೃತ್ತಿಯಿಂದ ಬಳಸಬಾರದ್ದು’ ಎಂದು ಹೇಳಲು ಬೇರೆ ಬೇರೆ ಗುರುತುಗಳಿವೆ. ಬೇಸಿಕ್‌ಕಾನ್ಫಿಗ್‌ಗೆ ಫೋರ್ಸ್ ಬಂದದ್ದು 3.8ರಲ್ಲಿ, ಅಕ್ಷರಗಳನ್ನು ಫೈಲಿನಲ್ಲಿ ಯಾವ ಸಂಕೇತಕ್ರಮದಲ್ಲಿ ಬರೆಯಬೇಕೆಂದು ಹೇಳುವ ಎನ್‌ಕೋಡಿಂಗ್ ಬಂದದ್ದು 3.9ರಲ್ಲಿ, ಇವು ನಮೂದಾಗಿರದಿದ್ದರೆ ಹಳೆಯ ಆವೃತ್ತಿಯಲ್ಲಿ ಕೆಲಸ ಮಾಡುವವರು ತಮ್ಮ ಕೋಡಿನಲ್ಲೇ ತಪ್ಪಿದೆ ಎಂದುಕೊಳ್ಳುತ್ತಾರೆ. ‘ಇತ್ತೀಚೆಗೆ’, ‘ಈಗ’, ‘ಹೊಸ’ ಎಂಬ ಪದಗಳನ್ನು ಕೈಪಿಡಿಯಿಂದ ಹೊರಗಿಡಿ, ಐದು ವರ್ಷಗಳ ನಂತರ ಅವು ಯಾವ ಕಾಲವನ್ನೂ ಸೂಚಿಸುವುದಿಲ್ಲ. ಕೈಬಿಟ್ಟ ಹೆಸರುಗಳ ವಿಷಯದಲ್ಲಿ ಆತುರ ಬೇಡ ಎಂಬುದಕ್ಕೆ ವಾರ್ನ್ ಎಂಬ ಮೆಥಡ್ ಸಾಕ್ಷಿ. ವಾರ್ನಿಂಗ್ ಮಾಡುವುದನ್ನೇ ಅದೂ ಮಾಡುತ್ತದೆ, ಬಳಸಬೇಡಿ ಎಂದು ಕೈಪಿಡಿ ಬಹಳ ಕಾಲದಿಂದ ಹೇಳುತ್ತಿದೆ. 3.13ರ ಆಲ್ಫಾ ಹಂತದಲ್ಲಿ ಅದನ್ನು ತೆಗೆದೇ ಹಾಕಿದ್ದರು, ಬಿಡುಗಡೆಗೆ ಮೊದಲೇ ಮತ್ತೆ ಸೇರಿಸಿದರು. ತೆಗೆದಾಗಲೇ ಕೈಪಿಡಿಯ ಆ ಸಾಲನ್ನು ಅಳಿಸಿದ್ದರೆ ಅದನ್ನೂ ಮರಳಿ ತರಬೇಕಾಗುತ್ತದೆ. ಹಳೆಯ ಕೋಡನ್ನು ಓದುವವರಿಗೆ ಕೈಬಿಟ್ಟ ಹೆಸರಿನ ವಿವರಣೆ ಇನ್ನೂ ಬೇಕು. ಅದರ ಬದಲಿಗೆ ಏನನ್ನು ಬಳಸಬೇಕೆಂಬುದನ್ನು ಅದೇ ವಾಕ್ಯದಲ್ಲಿ ಹೇಳಿ.

ಉದಾಹರಣೆಗಳನ್ನೆಲ್ಲ ಓಡಿಸಿಯೇ ಪ್ರಕಟಿಸಬೇಕು ಎಂಬ ನಿಯಮ ಎಲ್ಲರಿಗೂ ತಿಳಿದಿದೆ, ಆದರೆ ಲಾಗಿಂಗ್ ಉದಾಹರಣೆಗಳನ್ನು ಓಡಿಸುವುದರಲ್ಲಿ ಅದರದೇ ತೊಡಕುಗಳಿವೆ. ಕೈಪಿಡಿಯ ಉದಾಹರಣೆಗಳನ್ನು ಓಡಿಸಿ ನೋಡುವ ಡಾಕ್‌ಟೆಸ್ಟ್ ಎಂಬ ಸಾಧನ ಸ್ಟ್ಯಾಂಡರ್ಡ್ ಔಟ್‌ಪುಟ್ ಅನ್ನು ಮಾತ್ರ ಹಿಡಿದು ಹೋಲಿಸುತ್ತದೆ. ಎಲ್ಲಿಗೆಂದು ನಾವು ಹೇಳದಿದ್ದರೆ ಲಾಗ್ ಸಾಲುಗಳು ದೋಷ ಸಂದೇಶಗಳ ಪ್ರತ್ಯೇಕ ದಾರಿಯಾದ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತವೆ. ಹೀಗಾಗಿ ಲಾಗ್ ಸಾಲು ತಪ್ಪಾಗಿ ಬಂದರೂ ಟೆಸ್ಟ್ ಪಾಸ್ ಆಗಬಹುದು. ಹೋಲಿಸಬೇಕಾದ ಉದಾಹರಣೆಗಳಲ್ಲಿ ಹ್ಯಾಂಡ್ಲರ್ ಅನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ತಿರುಗಿಸಿ, ಓಡಿಸಿದಾಗಲೆಲ್ಲ ಬದಲಾಗುವ ಸಮಯದ ಭಾಗವನ್ನು ಫಾರ್ಮ್ಯಾಟ್‌ನಿಂದ ಬಿಡಿ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಉದಾಹರಣೆಯನ್ನು ಬೇರೆ ಪ್ರೊಸೆಸ್‌ನಲ್ಲಿ ಓಡಿಸಿ. ಒಂದೇ ಪ್ರೊಸೆಸ್‌ನಲ್ಲಿ ಎಲ್ಲವನ್ನೂ ಓಡಿಸಿದರೆ ಮೊದಲ ಉದಾಹರಣೆಯ ಬೇಸಿಕ್‌ಕಾನ್ಫಿಗ್ ಉಳಿದೆಲ್ಲವನ್ನೂ ನಿಷ್ಫಲಗೊಳಿಸುತ್ತದೆ, ಅಂದರೆ ನಾನು ಮೇಲೆ ಹೇಳಿದ ತಪ್ಪು ನಿಮ್ಮ ಪರೀಕ್ಷೆಯ ಒಳಗೇ ಸೇರಿಕೊಳ್ಳುತ್ತದೆ.

ಉದಾಹರಣೆಯ ದತ್ತಾಂಶದಲ್ಲಿ ಇಂಗ್ಲಿಷ್ ಹೆಸರುಗಳಷ್ಟೇ ಇರುವುದು ಇನ್ನೊಂದು ಕೊರತೆ. ವಿಂಡೋಸ್ ಯಂತ್ರದಲ್ಲಿ ಎನ್‌ಕೋಡಿಂಗ್ ಹೇಳದೆ ಫೈಲ್‌ಹ್ಯಾಂಡ್ಲರ್ ಅನ್ನು ತೆರೆದು, ‘ಮಂಜುನಾಥ ಲಾಗಿನ್ ಆದರು’ ಎಂಬ ಸಾಲನ್ನು ಬರೆಯಲು ಹೋದರೆ, ಯಂತ್ರದ ಕೋಡ್ ಪೇಜ್ ಪಶ್ಚಿಮ ಯುರೋಪಿನ ಭಾಷೆಗಳದಾಗಿದ್ದಾಗ ಕನ್ನಡದ ಅಕ್ಷರಗಳು ಅದರಲ್ಲಿ ಹಿಡಿಯುವುದಿಲ್ಲ. ಆಗ ಉಂಟಾಗುವ ದೋಷವನ್ನು ಹ್ಯಾಂಡ್ಲರ್ ತಾನೇ ನುಂಗಿಕೊಂಡು ಸ್ಟ್ಯಾಂಡರ್ಡ್ ಎರರ್‌ನಲ್ಲಿ ಮುದ್ರಿಸುತ್ತದೆ. ಪ್ರೋಗ್ರಾಂ ಮುಂದುವರಿಯುತ್ತದೆ, ಫೈಲಿನಲ್ಲಿ ಆ ಸಾಲು ಇರುವುದಿಲ್ಲ. ಸ್ಕ್ರೀನ್ ಇಲ್ಲದೆ ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಆಗಿದ್ದರೆ ಸ್ಟ್ಯಾಂಡರ್ಡ್ ಎರರ್ ಅನ್ನು ನೋಡುವವರೇ ಇಲ್ಲ. 3.9ರಿಂದೀಚೆಗೆ ಬೇಸಿಕ್‌ಕಾನ್ಫಿಗ್ ಮೂಲಕ ತೆರೆದ ಫೈಲಿನಲ್ಲಿ ಅದೇ ಹೆಸರು ಕಳೆದುಹೋಗದೆ ಸಂಕೇತಗಳ ಸಾಲಾಗಿ ಬೀಳುತ್ತದೆ. ಉಳಿಯಿತೆಂಬುದು ನಿಜ, ಆದರೆ ಓದಲಾಗದು. ಕೈಪಿಡಿಯ ಫೈಲ್ ಉದಾಹರಣೆಗಳಲ್ಲೆಲ್ಲ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೊಂದಿಸಿ, ಒಂದರಲ್ಲಾದರೂ ಕನ್ನಡದ್ದೋ ತಮಿಳಿನದ್ದೋ ಹೆಸರನ್ನು ಬಳಸಿ.

ಭದ್ರತೆಯ ಭಾಗಕ್ಕೆ ಜಾವಾ ಲೋಕದ ಲಾಗಿಂಗ್ ಲೈಬ್ರರಿ ಲಾಗ್4ಜೆ ಕಲಿಸಿದ ಪಾಠ ದೊಡ್ಡದು. 2021ರ ಡಿಸೆಂಬರ್‌ನಲ್ಲಿ ಹೊರಗಿನವರು ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದಾದ ಲಾಗ್4ಶೆಲ್ ಎಂಬ ದೋಷ ಬಯಲಾದಾಗ, 2.10ರಿಂದ ಮುಂದಿನ ಆವೃತ್ತಿಗಳವರು ಲುಕಪ್ (ಸಂದೇಶದೊಳಗಿನ ಸಂಕೇತವನ್ನು ಬೇರೆಡೆಯಿಂದ ತಂದ ಮೌಲ್ಯದಿಂದ ತುಂಬುವ ಸೌಲಭ್ಯ) ನಿಲ್ಲಿಸುವ ಒಂದು ಸೆಟ್ಟಿಂಗ್ ಹೊಂದಿಸಿಕೊಂಡರೆ ಸಾಕು ಎಂಬ ಸಲಹೆ ಎಲ್ಲೆಡೆ ಹರಡಿತು. ಕೆಲವೇ ದಿನಗಳಲ್ಲಿ ಅದು ಸಾಲದೆಂದು ತಿಳಿಯಿತು. ಅದೇ ತಿಂಗಳಲ್ಲಿ 2.15.0, 2.16.0, 2.17.0, 2.17.1 ಹೀಗೆ ಒಂದರ ಹಿಂದೊಂದು ಆವೃತ್ತಿಗಳು ಬಂದವು. ಮೊದಲ ಸಲಹೆಯನ್ನು ಪಾಲಿಸಿ ನಿಶ್ಚಿಂತರಾದವರಿಗೆ ಮುಂದಿನ ತಿದ್ದುಪಡಿ ಮುಟ್ಟಬೇಕಾದರೆ, ಹಳೆಯ ಸಲಹೆಯನ್ನು ಪುಟದಿಂದ ಸದ್ದಿಲ್ಲದೆ ಅಳಿಸಿದರೆ ಆಗದು. ‘ಈ ಪುಟದಲ್ಲಿ ಹಿಂದೆ ಹೀಗೆ ಹೇಳಲಾಗಿತ್ತು, ಅದು ಸಾಲದು, ಕಾರಣ ಇದು’ ಎಂದು ದಿನಾಂಕದೊಂದಿಗೆ ಬರೆದು ಉಳಿಸಿ. ಬಳಕೆದಾರರು ಟೈಪ್ ಮಾಡಿದ ಪಠ್ಯವನ್ನು ಹಾಗೆಯೇ ಲಾಗ್‌ಗೆ ಬರೆದರೆ ಅದರಲ್ಲಿನ ಹೊಸ ಸಾಲಿನ ಚಿಹ್ನೆಯಿಂದ ಸುಳ್ಳು ಲಾಗ್ ಸಾಲು ಸೃಷ್ಟಿಯಾಗಬಹುದು ಎಂಬುದನ್ನೂ, ಪಾಸ್‌ವರ್ಡ್ ಮತ್ತು ಒಟಿಪಿಗಳನ್ನು ಲಾಗ್ ಮಾಡಬಾರದು ಎಂಬುದನ್ನೂ ಮೊದಲ ಪಾಠದಲ್ಲೇ ಸೇರಿಸಿ.

ತಿದ್ದಿದ್ದಾದ ಮೇಲೆ ಕೈಪಿಡಿಯನ್ನು ನಿಮ್ಮ ಯಂತ್ರದಲ್ಲೇ ಕಟ್ಟಿ, ಬರುವ ಎಚ್ಚರಿಕೆಗಳನ್ನು ಒಂದೂ ಬಿಡದೆ ಸರಿಪಡಿಸಿ. ಶೀರ್ಷಿಕೆಯ ಮಾತುಗಳನ್ನು ಬದಲಿಸಿದ್ದರೆ ಅದಕ್ಕೆ ಹೊರಗಿನಿಂದ ಕೊಟ್ಟಿರುವ ಕೊಂಡಿಗಳು ಮುರಿಯುತ್ತವೆ, ಹಳೆಯ ಗುರುತನ್ನೂ ಉಳಿಸಿಕೊಳ್ಳಿ. ಪುಲ್ ರಿಕ್ವೆಸ್ಟ್ (ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಅನ್ನು ಲೈಬ್ರರಿ ಬರೆದವರಿಗೆ ತೋರಿಸುವುದರ ಜೊತೆಗೆ ಆ ಲೈಬ್ರರಿಯನ್ನು ಎಂದೂ ಬಳಸದ ಒಬ್ಬರಿಗೂ ತೋರಿಸಿ. ಅವರು ಪುಟವನ್ನಷ್ಟೇ ನೋಡಿಕೊಂಡು ಡೀಬಗ್ ಮಟ್ಟದ ಒಂದು ಸಾಲನ್ನು ಫೈಲಿಗೆ ಬರೆಯಲಿ, ಎಲ್ಲಿ ತಡವರಿಸಿದರೆಂದು ಬರೆದಿಟ್ಟುಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಒಪ್ಪಿಗೆಯಾದ ಬಳಿಕ ಇನ್ನೂ ನಿರ್ವಹಣೆಯಲ್ಲಿರುವ ಹಿಂದಿನ ಆವೃತ್ತಿಗಳ ಶಾಖೆಗಳಿಗೂ ಆ ತಿದ್ದುಪಡಿಯನ್ನು ಒಯ್ಯಬೇಕು. ಹಾಗೆ ಒಯ್ಯುವಾಗ ಆ ಆವೃತ್ತಿಯಲ್ಲಿ ಇಲ್ಲದ ಪ್ಯಾರಾಮೀಟರ್ ಯಾವುದೂ ಜೊತೆಗೆ ಸಾಗಿಹೋಗದಂತೆ ನೋಡಿಕೊಳ್ಳಿ.