ಒಂದು ಎಕರೆ ಸಾಲ ತಂದರೆ ನಲವತ್ತು ಗುಂಟೆ: ಮಿಶ್ರ ಭಿನ್ನರಾಶಿ ಕಳೆಯುವ ಲೆಕ್ಕ

ಸಿಂಧನೂರು ಭಾಗದ ಆರು, ಏಳನೇ ತರಗತಿ ಮಕ್ಕಳಿಗೆ ಈ ಪಾಠವನ್ನು ನಾನು ಒಂದೇ ಲೆಕ್ಕದಿಂದ ಶುರು ಮಾಡುತ್ತೇನೆ: 5 1/4 − 2 3/8.

ಛೇದಗಳು 4 ಮತ್ತು 8. ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) 8. ಹಾಗಾಗಿ 1/4 ಎಂಬುದು 2/8 ಆಗುತ್ತದೆ, ಲೆಕ್ಕ 5 2/8 − 2 3/8 ಆಗುತ್ತದೆ. ಇಲ್ಲಿಯವರೆಗೆ ಹೆಚ್ಚಿನವರು ಸರಿಯಾಗಿಯೇ ಬರುತ್ತಾರೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ, 2ರಲ್ಲಿ 3 ಹೋಗುವುದಿಲ್ಲ ಎಂದಾಗ.

ತಪ್ಪಿದವರ ಪಾಟಿಯಲ್ಲಿ ಸಾಮಾನ್ಯವಾಗಿ 3 1/8 ಇರುತ್ತದೆ. ಆ ಉತ್ತರಕ್ಕೆ ಎರಡು ಬೇರೆ ಬೇರೆ ದಾರಿಗಳಿವೆ. ಕೆಲವರು ತಿರುಗಿಸಿ 3ರಲ್ಲಿ 2 ಕಳೆದು 1/8 ಬರೆದಿರುತ್ತಾರೆ. ಇನ್ನು ಕೆಲವರು 5ರಿಂದ ಒಂದು ಸಾಲ ತಂದು, ರೂಢಿಯಂತೆ ಹತ್ತು ಕೂಡಿಸಿ 12/8 ಮಾಡಿರುತ್ತಾರೆ; 4 12/8 − 2 3/8 = 2 9/8, ಅಂದರೆ ಅದೇ 3 1/8. ಉತ್ತರ ಮಾತ್ರ ನೋಡಿ ಕೆಂಪು ಗೀಟು ಹಾಕಿದರೆ ಯಾವ ತಪ್ಪೆಂದು ತಿಳಿಯುವುದೇ ಇಲ್ಲ. ಮೊದಲನೆಯವನಿಗೆ ಸಾಲ ತರುವುದನ್ನೇ ಕಲಿಸಬೇಕು. ಎರಡನೆಯವನಿಗೆ ಅದು ಬರುತ್ತದೆ. ತಂದ ಒಂದರೊಳಗೆ ಎಷ್ಟು ಎಂಟನೇ ಭಾಗಗಳಿವೆ ಎಂಬುದು ಮಾತ್ರ ಗೊತ್ತಿಲ್ಲ. ಅದಕ್ಕೇ ನಡುವಿನ ಸಾಲನ್ನು ಅಳಿಸಲು ನಾನು ಬಿಡುವುದಿಲ್ಲ.

ಎರಡನೆಯ ತಪ್ಪಿಗೆ ಪಹಣಿ ಒಳ್ಳೆಯ ಮದ್ದು. ಎಕರೆಗೆ 40 ಗುಂಟೆ ಎಂಬುದು ಇಲ್ಲಿನ ಮಕ್ಕಳಿಗೆ ಮನೆಯಲ್ಲೇ ಗೊತ್ತಿರುತ್ತದೆ. 5 1/4 ಎಕರೆ ಅಂದರೆ 5 ಎಕರೆ 10 ಗುಂಟೆ; 2 3/8 ಅಂದರೆ 2 ಎಕರೆ 15 ಗುಂಟೆ. ಹತ್ತು ಗುಂಟೆಯಲ್ಲಿ ಹದಿನೈದು ಹೋಗದು, ಒಂದು ಎಕರೆ ಒಡೆಯಬೇಕು. ಆಗ ಯಾವ ಮಗುವೂ ಹತ್ತು ಗುಂಟೆ ಸೇರಿಸುವುದಿಲ್ಲ, ನಲವತ್ತು ಸೇರಿಸುತ್ತದೆ. 4 ಎಕರೆ 50 ಗುಂಟೆಯಲ್ಲಿ 2 ಎಕರೆ 15 ಗುಂಟೆ ಕಳೆದರೆ 2 ಎಕರೆ 35 ಗುಂಟೆ. ಅದೇ ಕೆಲಸವನ್ನು ಎಂಟನೇ ಭಾಗಗಳಲ್ಲಿ ಮಾಡಿದರೆ ಒಂದು ಎಂದರೆ 8/8: 4 10/8 − 2 3/8 = 2 7/8. 40ರಲ್ಲಿ 35 ಅಂದರೆ 7/8, ಎರಡೂ ತಾಳೆಯಾಯಿತು. 3 1/8 ಬರೆದವರು ಹತ್ತು ಗುಂಟೆ ನೆಲ ಹೆಚ್ಚು ತೋರಿಸಿದ್ದಾರೆ. ಇಷ್ಟು ಹೇಳಿದರೆ ಸಾಕು, ತಾವೇ ತಿದ್ದಿಕೊಳ್ಳುತ್ತಾರೆ.

ಗುಂಟೆ ಎಲ್ಲ ಕಡೆ ನಡೆಯುವುದಿಲ್ಲ. ಛೇದ 3 ಅಥವಾ 6 ಬಂದರೆ 40 ಸರಿಯಾಗಿ ಭಾಗವಾಗದು. ಆಗ ಗಂಟೆ, ನಿಮಿಷಕ್ಕೆ ಹೋಗುತ್ತೇನೆ. 7 1/6 − 3 3/4 ಎಂಬುದನ್ನು ಪಂಪು ಓಡುವ ಹೊತ್ತು ಎಂದುಕೊಳ್ಳಿ: 7 ಗಂಟೆ 10 ನಿಮಿಷದಲ್ಲಿ 3 ಗಂಟೆ 45 ನಿಮಿಷ ಕಳೆದರೆ 3 ಗಂಟೆ 25 ನಿಮಿಷ. ಭಿನ್ನರಾಶಿಯಲ್ಲಿ ಲ.ಸಾ.ಅ. 12; 7 2/12 ಅನ್ನು 6 14/12 ಮಾಡಿ 3 9/12 ಕಳೆದರೆ 3 5/12. ಕೆಲವರು 6 ಮತ್ತು 4 ಗುಣಿಸಿ ಛೇದ 24 ಹಿಡಿಯುತ್ತಾರೆ. ಅದು ತಪ್ಪಲ್ಲ, 3 10/24 ಬರುತ್ತದೆ, ಸಂಕ್ಷೇಪಿಸುವ ಕೆಲಸ ಹೆಚ್ಚುತ್ತದೆ ಅಷ್ಟೇ.

ವಿಷಮ ಭಿನ್ನರಾಶಿ ಮಾಡಿ ಕಳೆಯುವ ಕ್ರಮವೂ ಇದೆ: 43/6 − 15/4 = 86/12 − 45/12 = 41/12. ಇದರಲ್ಲಿ ಸಾಲದ ತಾಪತ್ರಯ ಇರುವುದಿಲ್ಲ. ಸಂಖ್ಯೆ ಚಿಕ್ಕದಿದ್ದರೆ ಒಳ್ಳೆಯದೇ. ಆದರೆ 38 1/6 − 19 3/7 ಕೊಟ್ಟು ನೋಡಿ: 1603/42 − 816/42 ಎಂದು ಬರೆಯಬೇಕಾಗುತ್ತದೆ, ಗುಣಾಕಾರದಲ್ಲೇ ಮಕ್ಕಳು ತಪ್ಪುತ್ತಾರೆ. ಸಾಲದ ದಾರಿಯಲ್ಲಿ 37 49/42 − 19 18/42, ಉತ್ತರ 18 31/42.

ಕೊನೆಗೆ 6 − 2 3/5 ಕೊಡುತ್ತೇನೆ. ಮೇಲೆ ಭಿನ್ನರಾಶಿಯೇ ಇಲ್ಲದ್ದರಿಂದ 3/5 ಅನ್ನು ಹಾಗೇ ಇಳಿಸಿ 4 3/5 ಬರೆಯುವವರು ಸಿಗುತ್ತಾರೆ. 6 ಅನ್ನು ಮೊದಲೇ 5 5/5 ಎಂದು ಬರೆಸಬೇಕು. ಉತ್ತರ 3 2/5, ಹೊಲದಲ್ಲಿ 3 ಎಕರೆ 16 ಗುಂಟೆ.