ಕೌದಿ ಹೊಲಿಯಲು ಕೂರುವ ಮೊದಲೇ ಎಂಟು ಸೂಜಿಗೆ ದಾರ ಪೋಣಿಸಿಡಿ

ವಯಸ್ಸಾದ ಮೇಲೂ ಕೌದಿ ಹೊಲಿಯುವ ಅಮ್ಮ, ಅಜ್ಜಿ, ದೊಡ್ಡಮ್ಮಂದಿರಿಗಾಗಿ ಇದು. ಬೆಳಗಿನ ಬಿಸಿಲಲ್ಲಿ ಕೂತು ಏಳೆಂಟು ಸೂಜಿಗಳನ್ನು ಒಂದೇ ದಾರಕ್ಕೆ ಸಾಲಾಗಿ ಪೋಣಿಸಿಡಿ. ರೀಲಿನಿಂದ ದಾರ ಕತ್ತರಿಸಬೇಡಿ. ಹೊಲಿಯುವಾಗ ತುದಿಯ ಸೂಜಿ ಹಿಡಿದು ಒಂದೂವರೆ ಮೊಳ ದಾರ ಎಳೆದುಕೊಳ್ಳಿ, ಉಳಿದ ಸೂಜಿಗಳನ್ನು ರೀಲಿನ ಕಡೆ ಸರಿಸಿ, ನಡುವೆ ಕತ್ತರಿಸಿ. ರೀಲಿನ ಕಡೆಯ ದಾರದ ತುದಿಗೆ ಆಗಲೇ ಒಂದು ಗಂಟು ಹಾಕಿಬಿಡಿ, ಇಲ್ಲದಿದ್ದರೆ ಸೂಜಿಗಳೆಲ್ಲ ಜಾರಿ ಬೀಳುತ್ತವೆ. ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗುತ್ತಾ ಹೋಗುತ್ತದೆ, ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ. ಬಿಸಿಲಿನ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗುವುದರಿಂದ ಸೂಜಿಯ ಕಣ್ಣು ಜಾಸ್ತಿ ಚೆನ್ನಾಗಿ ಕಾಣುತ್ತದೆ. ಸಂಜೆ ದೀಪದ ಕೆಳಗೆ ಮತ್ತೆ ಮತ್ತೆ ಮೊಮ್ಮಕ್ಕಳನ್ನು ಕೂಗಬೇಕಿಲ್ಲ, ಅಲ್ವಾ? ಕೌದಿಯ ಕೆಲಸದಲ್ಲಿ ಬೇಸರ ಬರುವುದು ಹೊಲಿಗೆಯಿಂದಲ್ಲ, ಹೀಗೆ ನಡುನಡುವೆ ನಿಲ್ಲಿಸುವುದರಿಂದ.

ಎಲ್ಲ ದಾರಕ್ಕೂ ಇದು ಆಗುವುದಿಲ್ಲ. ಅಗ್ಗದ, ನೂಲು ಬಿಡುವ ದಾರ ಅಷ್ಟು ಸೂಜಿಗಳ ಕಣ್ಣಲ್ಲಿ ತಿಕ್ಕಿ ಸವೆಯುತ್ತದೆ. ಅದಕ್ಕೆ ಮೂರು ಸೂಜಿ ಸಾಕು. ಬಣ್ಣ ಬದಲಿಸುತ್ತಾ ಹೊಲಿಯುವವರು ಬಣ್ಣಕ್ಕೊಂದು ರೀಲಿನಂತೆ ಎರಡೆರಡು ಸೂಜಿ ಹಾಕಿಡಿ. ಬೆರಳಿನ ಗೆಣ್ಣು ನೋಯುವವರಿಗೆ ಇಷ್ಟರಿಂದಲೇ ಕಷ್ಟ ಹೋಗದು. ನಾಲ್ಕೈದು ಪದರ ಹಳೆ ಸೀರೆಯಿಂದ ಸೂಜಿ ಎಳೆಯುವುದೇ ಅವರಿಗೆ ನೋವು. ಹಳೆ ಸೈಕಲ್ ಟ್ಯೂಬಿನ ಚಿಕ್ಕ ತುಂಡಿನಿಂದ ಸೂಜಿ ಹಿಡಿದು ಎಳೆಯಿರಿ. ರಬ್ಬರ್ ಜಾರುವುದಿಲ್ಲ, ಬಿಗಿಯಾಗಿ ಒತ್ತಿ ಹಿಡಿಯಬೇಕಾಗುವುದಿಲ್ಲ.