ಮೂರನೇ ದೇಶಕ್ಕೆ ಗಡೀಪಾರು: ನೋಟಿಸ್ ಬರುವ ಮೊದಲೇ ಮಾಡಬೇಕಾದ್ದು

ಭಾರತಕ್ಕೆ ವಾಪಸ್ ಹೋದರೆ ಜೀವಕ್ಕೆ ಅಪಾಯ ಎಂದು ಅಮೆರಿಕದ ಇಮಿಗ್ರೇಷನ್ ಜಡ್ಜ್ ಒಪ್ಪಿ, ಗಡೀಪಾರಿಗೆ ತಡೆ ಕೊಟ್ಟಿದ್ದಾರೆ ಅಂದುಕೊಳ್ಳಿ. ಇನ್ನು ನೆಮ್ಮದಿ ಅನಿಸುತ್ತದೆ ಅಲ್ವಾ? ಆದರೆ ಆ ತಡೆ ಭಾರತದ ಮಟ್ಟಿಗೆ ಮಾತ್ರ. ಬೇರೆ ಯಾವುದಾದರೂ ದೇಶಕ್ಕೆ ಕಳುಹಿಸಲು ಅದು ಅಡ್ಡಿಯಲ್ಲ. 2025ರ ಫೆಬ್ರುವರಿಯಲ್ಲಿ ಪನಾಮಾ, ಕೋಸ್ಟರಿಕಾಗಳಿಗೆ ಗಡೀಪಾರಾದವರಲ್ಲಿ ಭಾರತೀಯರೂ ಇದ್ದರು.

ಮೊದಲು ಜಡ್ಜ್ ಕೊಟ್ಟ ಆದೇಶದಲ್ಲಿ ಯಾವ ದೇಶದ ಹೆಸರಿದೆ ನೋಡಿ. ಅದರ ಪ್ರತಿಯನ್ನೂ ‘ಎ ನಂಬರ್’ (ವಲಸಿಗರಿಗೆ ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಅನ್ನೂ ಮನೆಯವರ ಕೈಗೆ ಕೊಟ್ಟಿಡಿ. ನಿಮ್ಮನ್ನು ಬಂಧಿಸಿ ರಾತ್ರೋರಾತ್ರಿ ಬೇರೆ ಊರಿಗೆ ಸಾಗಿಸಿದರೆ, ಅವರು ಈ ನಂಬರ್ ಮತ್ತು ಹುಟ್ಟಿದ ದೇಶ ಹಾಕಿ ಐಸ್ (ICE, ಬಂಧನ ಮತ್ತು ಗಡೀಪಾರು ಮಾಡುವ ಅಮೆರಿಕದ ವಲಸೆ ಇಲಾಖೆ) ವೆಬ್‌ಸೈಟಿನಲ್ಲಿ ಹುಡುಕಬಹುದು.

ವಕೀಲರನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ. ಫೀಸು ಸರ್ಕಾರ ಕೊಡುವುದಿಲ್ಲ. ಉಚಿತವಾಗಿ ನೆರವಾಗುವವರ ಪಟ್ಟಿ ಇಮಿಗ್ರೇಷನ್ ಕೋರ್ಟಿನಲ್ಲಿ ಸಿಗುತ್ತದೆ.

ಇಷ್ಟು ಅವಸರ ಯಾಕೆ? ಐಸ್ 2025ರ ಜುಲೈ 9ರಂದು ಹೊರಡಿಸಿದ ಸೂಚನೆಯಲ್ಲಿ ನೋಟಿಸ್ ಕೊಟ್ಟ ಮೇಲೆ ಗಡೀಪಾರು ಮಾಡುವ ತನಕ ಇಟ್ಟ ಸಮಯ 24 ಗಂಟೆ. ತುರ್ತು ಎಂದರೆ 6 ಗಂಟೆ. ಹಿಂಸಿಸುವುದಿಲ್ಲ ಎಂದು ಆ ದೇಶ ಕೊಟ್ಟ ಭರವಸೆಯನ್ನು ಅಮೆರಿಕ ನಂಬಿದರೆ ನೋಟಿಸೇ ಬೇಡ! ಆರು ಗಂಟೆಯಲ್ಲಿ, ಅದೂ ಲಾಕಪ್ಪಿನೊಳಗಿಂದ, ಒಬ್ಬ ಮನುಷ್ಯ ಏನು ತಾನೇ ಮಾಡಲು ಸಾಧ್ಯ? ಇದನ್ನು ನ್ಯಾಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಈ ನಿಯಮದ ಮೇಲೆ ಕೋರ್ಟಿನಲ್ಲಿ ಹೋರಾಟ ನಡೆದಿದೆ, ಹಾಗಾಗಿ ಸದ್ಯ ಏನಿದೆ ಎಂದು ವಕೀಲರನ್ನು ಕೇಳುತ್ತಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಆ ಸೂಚನೆಯ ಪ್ರಕಾರ ‘ನಿಮಗೆ ಭಯವಿದೆಯಾ’ ಎಂದು ಅಧಿಕಾರಿ ಕೇಳಬೇಕಿಲ್ಲ. ನೀವೇ ಬಾಯಿಬಿಟ್ಟು ಹೇಳಬೇಕು. ಸುಮ್ನೆ ‘ನಾನು ಹೋಗಲ್ಲ’ ಎಂದರೆ ಸಾಲದು. ದೇಶದ ಹೆಸರು ಹೇಳಿ, ಅಲ್ಲಿ ಯಾರಿಂದ ಏನಾಗಬಹುದು, ಯಾಕೆ ಎಂದು ಹೇಳಿ. ಆ ದೇಶ ನಿಮ್ಮನ್ನು ಮತ್ತೆ ಭಾರತಕ್ಕೇ ಅಟ್ಟಬಹುದು ಎಂಬ ಭಯವಿದ್ದರೆ ಅದನ್ನೂ ಬಿಡಬೇಡಿ. ಇಂಗ್ಲಿಷ್ ತಡವರಿಸಿದರೆ ಕನ್ನಡ ದುಭಾಷಿ ಬೇಕು ಎನ್ನಿ. ಅದನ್ನೇ ಕಾಗದದಲ್ಲೂ ಬರೆದು ಕೊಡಿ. ಅರ್ಥವಾಗದ ಯಾವುದಕ್ಕೂ ಸಹಿ ಹಾಕಬೇಡಿ. ಭಯ ಹೇಳಿಕೊಂಡವರನ್ನು ಬೇರೊಬ್ಬ ಅಧಿಕಾರಿ ವಿಚಾರಣೆ ಮಾಡಬೇಕು.

ಅತ್ತ ವಕೀಲರು ಕೇಸ್ ಮತ್ತೆ ತೆರೆಯಲು, ಗಡೀಪಾರು ತಡೆಯಲು ಅರ್ಜಿ ಹಾಕಬೇಕು. ಅದರ ಕರಡು ಮೊದಲೇ ತಯಾರಿರಲಿ. ವಿಮಾನ ಹತ್ತಿದ ಮೇಲೆ ಹೋರಾಟ ಎಷ್ಟು ಕಷ್ಟ ಎಂಬುದಕ್ಕೆ 2025ರ ಮೇನಲ್ಲಿ ದಕ್ಷಿಣ ಸುಡಾನ್‌ಗೆಂದು ಹೊರಟ ಎಂಟು ಜನರನ್ನು ನೋಡಿ. ಅವರಲ್ಲಿ ಆ ದೇಶದವನು ಒಬ್ಬನೇ. ಭಯ ಹೇಳಿಕೊಳ್ಳಲು ಅವಕಾಶ ಕೊಡದೆ ಕಳುಹಿಸಬಾರದು ಎಂದು ಬಾಸ್ಟನ್ನಿನ ಜಡ್ಜ್ ಬ್ರಯಾನ್ ಮರ್ಫಿ ಏಪ್ರಿಲ್‌ನಲ್ಲೇ ಆದೇಶಿಸಿದ್ದರು. ಆ ಆದೇಶದಿಂದಾಗಿ ವಿಮಾನ ಆಫ್ರಿಕಾದ ಜಿಬೂಟಿ ದೇಶದಲ್ಲಿ ನಿಂತಿತು. ಅಲ್ಲಿನ ಅಮೆರಿಕದ ಸೇನಾ ನೆಲೆಯಲ್ಲಿ, ಹಡಗಿನ ಸರಕು ತುಂಬುವ ಕಂಟೇನರಿನೊಳಗೆ ಅವರು ವಾರಗಟ್ಟಲೆ ಕಾದರು. ಜೂನ್ 23ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಜುಲೈ ಮೊದಲ ವಾರದಲ್ಲೇ ಅವರನ್ನು ದಕ್ಷಿಣ ಸುಡಾನ್‌ಗೆ ತಲುಪಿಸಿದರು.

ಊರಲ್ಲಿರುವ ಮನೆಯವರಿಗೆ ಒಂದು ಮಾತು. ಗಾಬರಿಯಲ್ಲಿ ಭಾರತೀಯ ಕಾನ್ಸುಲೇಟಿಗೆ ಫೋನ್ ಮಾಡುವ ಮುನ್ನ ಒಳಗಿರುವವರನ್ನು ಕೇಳಿ. ಅವರ ಭಯ ಭಾರತದ ಪೊಲೀಸರದ್ದೋ ಸರ್ಕಾರದ್ದೋ ಆಗಿದ್ದರೆ, ಆ ಫೋನ್ ಮಾಡಬೇಕೋ ಬೇಡವೋ ಎಂದು ಅವರೇ ಹೇಳಬೇಕು.